ಇಪ್ಪತ್ತೊಂದು ಪತ್ರೆ, ಹೆಸರು ಸಮೇತ

ಜುಲೈ 14, ಸೋಮವಾರ

ಗರಿಕೆ ಕಟ್ಟೋದು ಇನ್ನೂ ಮುಗಿದಿಲ್ಲ, ಆಗಲೇ ಬೆರಳೆಲ್ಲ ಹಸಿರು. ಗಾಂಧಿ ಬಜಾರ್ ಫುಟ್‌ಪಾತು, ಒದ್ದೆ ಗೋಣಿ, ಅಜ್ಜಿಯ ಮಾಮೂಲಿ ಜಾಗ. ತುಳಸಿ ಒಂದು ಕಡೆ, ಬಿಲ್ವ ಒಂದು ಕಡೆ, ಮಧ್ಯೆ ಹುಲ್ಲಿನ ರಾಶಿ.

ರಾಶಿಯಲ್ಲಿ ಒಂದು ಹುಲ್ಲು ಬೇರೆ ಥರ ಇತ್ತು. ತುದಿಯಲ್ಲಿ ಗರಿಕೆಗಿರೋ ಹಾಗೇ ಬೆರಳುಗಳು, ಆದರೆ ದಪ್ಪ, ಮೋಟು. ಫೋಟೋ ತೆಗೆದು ಗಿಡ ಗುರುತಿಸೋ ಆ್ಯಪ್‌ಗೆ ಹಾಕಿದೆ. ಬೇರೆಯದೇ ಹೆಸರು ಬಂತು. ಪಕ್ಕದಲ್ಲೇ ನಿಜವಾದ ಗರಿಕೆ ಇಟ್ಟು ಇನ್ನೊಂದು ಫೋಟೋ. ಅದಕ್ಕೆ ಗರಿಕೆ ಅಂತಲೇ ಬಂತು. ಎರಡನ್ನೂ ಎಷ್ಟು ವರ್ಷದಿಂದ ಒಟ್ಟಿಗೆ ಕಟ್ಟಿದ್ದೇವೋ.

"ಅಜ್ಜಿ, ಇದು ಗರಿಕೆ ಅಲ್ಲ."

"ಹುಲ್ಲು ಹುಲ್ಲೇ ಕಣಮ್ಮಿ. ಗಣಪತಿ ಏನು ಹಸುನಾ, ಮೇದು ನೋಡಕ್ಕೆ?"

ಆಮೇಲೂ ನಾನು ಆರಿಸಿ ಆರಿಸಿ ಬೇರೆ ಹಾಕಿದೆ. ಅಜ್ಜಿ ಬೇರೆ ಹಾಕಿದ್ದನ್ನ ಎತ್ತಿ ಎತ್ತಿ ಮತ್ತೆ ಸೇರಿಸ್ತು. ಹೀಗೇ ಮಧ್ಯಾಹ್ನ ಆಯ್ತು.


ಜುಲೈ 19, ಶನಿವಾರ

ಬೆಳಿಗ್ಗೆ ಕಹಳೆ ಬಂಡೆ ಪಾರ್ಕಿಗೆ ಹೋದೆ. ಅಜ್ಜಿಗೆ ಹಾಲು ತರ್ತೀನಿ ಅಂತ ಹೇಳಿ ಹೋಗಿದ್ದು. ಹಾಲೂ ತಂದೆ. ಸುಳ್ಳಲ್ಲ.

ಆ ಬಂಡೆ ಮೇಲೆ ಎಷ್ಟು ಸಲ ಕೂತಿಲ್ಲ ನಾನು. ಕಾಲೇಜು ಅಂತ ಹೊರಟು ಇಲ್ಲೇ ಕೂತು ಕಡಲೆಕಾಯಿ ತಿಂದ ದಿನಗಳಿವೆ. ಇವತ್ತು ಮೊದಲ ಸಲ ಮೊಣಕಾಲೂರಿ ನೋಡಿದೆ. ಬಿರುಕಿನಲ್ಲಿ ಪಾಚಿ, ಪಾಚಿಯೊಳಗೆ ಹುಲ್ಲು, ಹುಲ್ಲಿನ ಬುಡದಲ್ಲಿ ಉಗುರಿನಷ್ಟು ನೀಲಿ ಹೂ. ಆ್ಯಪ್ ಹೇಳ್ತು — ವಿಷ್ಣುಕ್ರಾಂತಿ. ಹೆಸರು ಗೊತ್ತಾದ ಮೇಲೆ ಎಲ್ಲಿ ನೋಡಿದರೂ ಅದೇ. ಇಷ್ಟು ದಿನ ಎಲ್ಲಿತ್ತು ಇದು? ನನ್ನ ಚಪ್ಪಲಿ ಕೆಳಗೆ ಇತ್ತು.

ಸೆಕೆಂಡ್ ಪಿಯು ಅರ್ಧಕ್ಕೆ ಬಿಟ್ಟೆ. ಕಷ್ಟ ಅಂತಲ್ಲ, ಫೀಸಿಗೆ ಇರಲಿಲ್ಲ ಅಂತಲೂ ಅಲ್ಲ. ಕೂರೋಕೆ ಆಗಲಿಲ್ಲ, ಅಷ್ಟೆ. ಆಮೇಲೆ ಕಂಪ್ಯೂಟರ್ ಕ್ಲಾಸು ಬಿಟ್ಟೆ, ಪಾರ್ಲರ್ ಬಿಟ್ಟೆ, ಪಾರ್ಸೆಲ್ ಪ್ಯಾಕ್ ಮಾಡೋ ಕೆಲಸ ಬಿಟ್ಟೆ. ಯಾವುದನ್ನೂ ಮುಗಿಸಿಲ್ಲ. ಅಮ್ಮ ಈಗ ಕೇಳೋದನ್ನೇ ನಿಲ್ಲಿಸಿದ್ದಾಳೆ. ಕೇಳೋದಕ್ಕಿಂತ ಅದೇ ಜಾಸ್ತಿ ಚುಚ್ಚುತ್ತೆ.


ಜುಲೈ 27, ಭಾನುವಾರ

ಆ್ಯಪ್‌ನಲ್ಲಿ ಮೆಷೀನು ಮಾತ್ರ ಇಲ್ಲ. ಜನ ಇದ್ದಾರೆ. ಮೆಷೀನು ಊಹೆ ಹೇಳುತ್ತೆ, ಆಮೇಲೆ ಯಾರೋ ಒಬ್ಬರು ಬಂದು ಹೌದು, ಅಲ್ಲ ಅಂತಾರೆ. ನನ್ನ ಗಿಡಗಳಿಗೆ ಬರೋದು ಹೆಚ್ಚಾಗಿ ಸುಪ್ರಜಾ ಅನ್ನೋರು. ಬೆಳಿಗ್ಗೆ ಆರು ಗಂಟೆಗೇ ಬರೆದಿರ್ತಾರೆ. "ಎಲೆಯ ಹಿಂಬದಿ ತೋರಿಸಿ." "ಕಾಂಡ ದುಂಡಗಿದೆಯೋ ಚೌಕವಾಗಿದೆಯೋ, ಮುಟ್ಟಿ ನೋಡಿ ಹೇಳಿ." ನನಗೆ ಯಾರೂ ಹೀಗೆ ಪ್ರಶ್ನೆ ಕೇಳಿಲ್ಲ. ಉತ್ತರ ಅವರಿಗೂ ಗೊತ್ತಿರೋದಿಲ್ಲ, ನಾನೇ ಹೋಗಿ ಮುಟ್ಟಿ ಬರಬೇಕು.

ಇವತ್ತು ಗೋಡೆಯಲ್ಲಿ ಬೆಳೆದ ಒಂದು ಜರೀಗಿಡಕ್ಕೆ ಬರೆದಿದ್ದಾರೆ — "ನನಗೆ ಗೊತ್ತಾಗ್ತಿಲ್ಲ. ಗೊತ್ತಿರೋರು ಬರಲಿ, ಕಾಯೋಣ."

ಅದನ್ನ ತುಂಬ ಹೊತ್ತು ನೋಡ್ತಾ ಕೂತೆ. ಇಷ್ಟು ಓದಿರೋರು, ಎಲ್ಲರ ಎದುರಿಗೆ, ಗೊತ್ತಿಲ್ಲ ಅಂತ ಬರೆದು ಹೋಗಿದ್ದಾರೆ. ಏನೂ ಆಗಿಲ್ಲ. ಆಕಾಶ ಬಿದ್ದಿಲ್ಲ.


ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಬೆಳಿಗ್ಗೆಯಿಂದ ಉಸಿರಾಡೋಕೂ ಪುರಸೊತ್ತಿಲ್ಲ. ಮಾವಿನೆಲೆ, ಬಾಳೆಕಂದು, ಜನ, ಸ್ಕೂಟರು. ಜನ ಕಡಿಮೆಯಾದ ಮೇಲೆ ತುಳಸಮ್ಮ ಬಂದರು. ಹಿಂದಿನ ರಸ್ತೆಯವರು. ಟೆಲಿಫೋನ್ಸ್‌ನಲ್ಲಿದ್ದು ರಿಟೈರ್ ಆದವರು, ಅಜ್ಜಿಯ ಹಳೇ ಗಿರಾಕಿ. ಮೊಮ್ಮಗಳು ಧೃತಿ ಜೊತೆಗಿದ್ದಳು.

"ನರಸಮ್ಮ, ಗಣೇಶನ ಹಬ್ಬಕ್ಕೆ ಪತ್ರೆ ಕಟ್ಟು ಎತ್ತಿಡಿ. ಇಪ್ಪತ್ತೊಂದು ಇರುತ್ತೆ ತಾನೇ?"

"ಇಲ್ದೆ ಏನವ್ವಾ!" ಅಂತು ಅಜ್ಜಿ.

ಇರೋದಿಲ್ಲ. ಹೋದ ವರ್ಷ ಕಟ್ಟಿದ್ದು ನಾನೇ. ಎಂಟೋ ಒಂಬತ್ತೋ ಥರದ ಎಲೆ, ಉಳಿದದ್ದು ಅದನ್ನೇ ತಿರುಗಿಸಿ ಇಟ್ಟಿದ್ದು. ಬಾಯಿ ಸುಮ್ಮನಿರಲಿಲ್ಲ.

"ಇರಲ್ಲ ಅಮ್ಮ. ಹತ್ತೂ ಇರಲ್ಲ."

ಅಜ್ಜಿ ತೊಡೆ ಚಿವುಟಿತು. ತುಳಸಮ್ಮ ನಕ್ಕರು. "ನನಗೂ ಗೊತ್ತು ಕಣೇ. ಪೂಜೇಲಿ ಅಪಾಮಾರ್ಗ ಪತ್ರಂ ಅಂತಾರೆ, ನಾನು ಕೈಗೆ ಸಿಕ್ಕಿದ್ದು ಹಾಕ್ತೀನಿ. ಬೃಹತೀ ಅಂತಾರೆ, ಇನ್ನೊಂದು ಹಾಕ್ತೀನಿ. ಐವತ್ತು ವರ್ಷದಿಂದ ಏನು ಹಾಕಿದೀನೋ ಆ ದೇವರಿಗೇ ಗೊತ್ತು."

"ನಾನು ತಂದುಕೊಡ್ತೀನಿ. ಇಪ್ಪತ್ತೊಂದೂ. ಒಂದೊಂದಕ್ಕೂ ಹೆಸರು ಬರೆದು."

ಹೇಳಿ ಆದ ಮೇಲೆ ನನಗೇ ಭಯ ಆಯ್ತು. ಧೃತಿ ಮಾತ್ರ ಕೈ ಕುಲುಕಿದಳು. "ಪ್ರಾಮಿಸ್ ಮಾಡಿದೀರ ಅಕ್ಕ, ನಾನು ವಿಟ್ನೆಸ್ಸು."


ಆಗಸ್ಟ್ 10, ಭಾನುವಾರ

ತುಳಸಮ್ಮ ಇಡೀ ರಸ್ತೆಗೆ ಹೇಳಿಬಿಟ್ಟಿದ್ದಾರೆ. ಇವತ್ತು ಒಬ್ಬೊಬ್ಬರೇ ಬಂದು, "ಆ ಹೆಸರು ಬರೆದಿರೋ ಪತ್ರೆ ನಮಗೂ ಒಂದು" ಅಂತ ಹೇಳಿ ಹೋದರು. ಅಜ್ಜಿ ಬೆಳಿಗ್ಗೆ ಬೈತಿತ್ತು, ಸಂಜೆ ಹೊತ್ತಿಗೆ ದನಿಯೇ ಬದಲು.

"ಇಷ್ಟು ವರ್ಷ ಕೂತಿದೀನಿ, ಇಲ್ಲೀತನಕ ಯಾರೂ ಮುಂಚೇನೇ ಹೇಳಿ ಹೋಗಿರ್ಲಿಲ್ಲ. ನೋಡಮ್ಮಿ, ಅರ್ಧಕ್ಕೆ ಬಿಟ್ಟು ಓಡಿದ್ರೆ ನಿನ್ನ ಹೆಸರಲ್ಲ ಹೋಗದು. ನನ್ನದು."

ಸರಿ. ಇದೊಂದನ್ನ ಮುಗಿಸ್ತೀನಿ. ಇದೊಂದನ್ನ.


ಆಗಸ್ಟ್ 14, ಗುರುವಾರ

ಪೂಜೆ ಪುಸ್ತಕದಲ್ಲಿ ಸಂಸ್ಕೃತದ ಹೆಸರು. ಆ್ಯಪ್‌ನಲ್ಲಿ ಲ್ಯಾಟಿನ್. ಅಜ್ಜಿ ಬಾಯಲ್ಲಿ ಮೂರನೇದು. ಮೂರನ್ನೂ ಸೇರಿಸೋದೇ ಕೆಲಸ. ಅರ್ಕ ಅಂದರೆ ಎಕ್ಕ, ಸುಲಭ. ಅಪಾಮಾರ್ಗ ಅಂದರೆ ಉತ್ತರಣೆ — ಚಾಮರಾಜಪೇಟೆಯಲ್ಲಿ ನಮ್ಮ ಮನೆ ಹಿಂದಿನ ಮೋರಿ ಪಕ್ಕದಲ್ಲೇ! ಚಿಕ್ಕಂದಿನಿಂದ ಲಂಗಕ್ಕೆ ಅಂಟಿಕೊಂಡು ಬರ್ತಿತ್ತಲ್ಲ, ಅದೇ. ಅಮ್ಮ ಕಿತ್ತು ಕಿತ್ತು ಬಿಸಾಕ್ತಿದ್ದಳು. ಸಿಂಧುವಾರ ಅಂದರೆ ಲಕ್ಕಿ, ಖಾಲಿ ಸೈಟಿನಲ್ಲಿ. ಉಮ್ಮತ್ತಿ, ಕಣಗಿಲೆ ವಿಷ ಅಂತ ಆ್ಯಪ್ ಕೆಂಪಕ್ಷರದಲ್ಲಿ ಹೇಳ್ತು. ಆ ಚೀಟಿ ಮೇಲೆ 'ಮಕ್ಕಳ ಬಾಯಿಗೆ ಬೇಡ' ಅಂತ ಸೇರಿಸಬೇಕು.

ಚಿಕ್ಕಪ್ಪನ ಮಗ ಮುತ್ತುರಾಜ್ ಗೂಡ್ಸ್ ಆಟೋ ಓಡಿಸ್ತಾನೆ. ನಮಗೆ ಎಲೆ ತಂದು ಹಾಕೋನೂ ಅವನೇ. ನಾನು ಮೋರಿ ಪಕ್ಕ ಬಗ್ಗಿ ಫೋಟೋ ತೆಗೀತಿದ್ದಾಗ ಬಂದು ಹಾರ್ನ್ ಹೊಡೆದ.

"ಏನ್ ಗುರು, ಮೋರಿ ಜೊತೆ ಸೆಲ್ಫಿನಾ?"

ಉತ್ತರಣೆಯ ಬೀಜ ಅವನ ತೋಳಿಗೆ ಅಂಟಿಸಿ ಕಳಿಸಿದೆ.


ಆಗಸ್ಟ್ 17, ಭಾನುವಾರ

ಸುಪ್ರಜಾ ಅವರನ್ನ ನೋಡಿದೆ!

ಅರ್ಜುನ ಪತ್ರೆಗೆ ಮತ್ತಿ ಮರ ಬೇಕು. ಲಾಲ್‌ಬಾಗಿನಲ್ಲಿದೆ, ಕೀಳೋ ಹಾಗಿಲ್ಲ. ಆ್ಯಪ್‌ನಲ್ಲೇ ಕೇಳಿದೆ. "ವೈಯಾಲಿಕಾವಲ್‌ಗೆ ಬನ್ನಿ, ನಮ್ಮ ಎದುರು ಮನೆ ಕಾಂಪೌಂಡಿನಲ್ಲಿದೆ, ಅವರನ್ನ ಕೇಳಿಟ್ಟಿರ್ತೀನಿ" ಅಂತ ಬರೆದರು. ದಪ್ಪ ಕನ್ನಡಕದ ಪ್ರೊಫೆಸರ್ ಅಂದುಕೊಂಡು ಹೋದೆ. ಗೇಟಿನ ಹತ್ತಿರ ನಿಂತಿದ್ದು ಗಿಡ್ಡಕ್ಕಿರೋ ಒಬ್ಬ ಹೆಂಗಸು, ನೈಟಿ ಮೇಲೆ ಟವೆಲ್ಲು, ಕೈಯಲ್ಲಿ ಕಾಫಿ ಲೋಟ.

"ನೀವು ಕಾಲೇಜಲ್ಲಿ ಪಾಠ ಮಾಡ್ತೀರಾ ಮೇಡಂ?"

"ಅಯ್ಯೋ ಇಲ್ಲಪ್ಪ, ಬ್ಯಾಂಕಲ್ಲಿ ಲಾಕರ್ ನೋಡ್ಕೋತೀನಿ. ಜನ ಒಳಗೆ ಹೋದ್ರೆ ಬೇಗ ಬರಲ್ಲ. ಹೊರಗೆ ಕೂತು ಎಲೆ ನೋಡ್ತೀನಿ. ನೀನು?"

"ಗಾಂಧಿ ಬಜಾರಲ್ಲಿ ಸೊಪ್ಪು ಕಟ್ತೀನಿ. ಪಿಯು ಬಿಟ್ಟಿದೀನಿ."

"ಸರಿ, ಬಾ. ಇದನ್ನ ನೋಡು." ಅಷ್ಟೆ. ಯಾಕೆ ಬಿಟ್ಟೆ ಅಂತ ಕೇಳಲಿಲ್ಲ. ಎಲೆ ತಿರುಗಿಸಿ, ತೊಟ್ಟು ಎಲೆಗೆ ಸೇರೋ ಕಡೆ ನನ್ನ ಬೆರಳು ಇಟ್ಟರು. ಎರಡು ಪುಟ್ಟ ಗುಳ್ಳೆ, ಗುಂಡುಸೂಜಿ ತಲೆಯಷ್ಟು. "ಇದಿದ್ರೆ ಧೈರ್ಯವಾಗಿ ಹೇಳಬಹುದು. ಫೋಟೋದಲ್ಲಿ ಕಾಣಲ್ಲ, ಅದಕ್ಕೇ ನಾವು ಬೇಕು."

ಬಸ್ಸಿನಲ್ಲಿ ವಾಪಸ್ಸು ಬರೋವಾಗ ಚೀಲದೊಳಗೆ ಕೈ ಹಾಕಿ ಆ ಗುಳ್ಳೆ ಮುಟ್ಟುತ್ತಲೇ ಇದ್ದೆ. ಕಂಡಕ್ಟರ್ ಏನೋ ಕದ್ದಿದ್ದೀನಿ ಅಂದುಕೊಂಡಿರಬೇಕು.


ಆಗಸ್ಟ್ 21, ಗುರುವಾರ

ಎರಡು ಸಿಗಲ್ಲ.

ದೇವದಾರು ಹಿಮಾಲಯದ ಮರ. ಇಲ್ಲಿ ಅದರ ಹೆಸರಲ್ಲಿ ಕೊಡೋದು ಬೇರೆ ಏನೋ. ಗಂಡಕೀ ಪತ್ರ ಯಾವುದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಸುಪ್ರಜಾ ಮೇಡಂ, "ಹುಡುಕಿದಷ್ಟೂ ಗೊಂದಲ, ನಾನಂತೂ ಹೇಳಲಾರೆ" ಅಂದರು. ತುಳಸಮ್ಮನಿಗೆ ಹೋಗಿ ಹೇಳಿದೆ — ಹತ್ತೊಂಬತ್ತೇ ಆಗೋದು. ಪ್ರಾಮಿಸ್ ತಪ್ಪಿದೆ.

"ಹತ್ತೊಂಬತ್ತು ನಿಜವಾದ್ದು ಸಿಕ್ಕರೆ ನನ್ನ ಪುಣ್ಯ" ಅಂದರು. ವಿಟ್ನೆಸ್ಸು ಮಾತ್ರ ಮುಖ ಊದಿಸಿಕೊಂಡಳು.

ಹದಿನೆಂಟು ಕೈಯಲ್ಲಿದೆ. ಬಾಕಿ ಮಾಚಿಪತ್ರೆ ಒಂದೇ. ಅದು ಇಲ್ಲೆಲ್ಲೂ ಬೆಳೆದದ್ದು ಕಾಣಲಿಲ್ಲ. ಮುತ್ತು ಕಲಾಸಿಪಾಳ್ಯದ ಮಂಡಿಯಲ್ಲಿ ಹೇಳಿಟ್ಟಿದ್ದಾನೆ.


ಆಗಸ್ಟ್ 25, ಸೋಮವಾರ, ಸಂಜೆ

ಮಾಚಿಪತ್ರೆ ಬಂತು! ಇಡೀ ಮೂಟೆ. ಮುತ್ತು ಆಟೋದಿಂದ ಇಳಿಸ್ತಿದ್ದ ಹಾಗೇ ಘಮ್ ಅಂತು. ಮೇಲಿನ ಕಟ್ಟು ಬಿಚ್ಚಿ ಫೋಟೋ ತೆಗೆದೆ. ಎಲೆ ಸೀಳು ಸೀಳು, ಹಿಂಬದಿ ಬೂದಿ ಬಳಿದ ಹಾಗೆ ಬೆಳ್ಳಗೆ. ಆ್ಯಪ್ ಮಾಚಿಪತ್ರೆ ಅಂತು. ಅರ್ಧ ಗಂಟೆಯಲ್ಲಿ ಸುಪ್ರಜಾ ಮೇಡಮ್ಮೂ ಒಪ್ಪಿದರು. "ಚೆನ್ನಾಗಿದೆ! ಹಬ್ಬದ ಶುಭಾಶಯ."

ಹತ್ತೊಂಬತ್ತು.

ಎಲ್ಲರೂ ಕೂತು ಕಟ್ಟಿದ್ದು. ಅಮ್ಮ ದಾರ ಕತ್ತರಿಸಿದಳು, ಮುತ್ತು ಎಲೆ ಜೋಡಿಸಿದ, ನಾನು ಚೀಟಿ ಬರೆದೆ. ಅಜ್ಜಿ ಮೂಟೆಯಿಂದ ಮಾಚಿಪತ್ರೆ ತೆಗೆದು ತೆಗೆದು ಕೊಡ್ತಿತ್ತು. ಅಮ್ಮ ಒಂದು ಚೀಟಿ ಎತ್ತಿ ಓದಿ, "ಅಕ್ಷರ ಇನ್ನೂ ಚೆನ್ನಾಗೇ ಇದೆ" ಅಂದಳು. ಎಷ್ಟು ದಿನ ಆಗಿತ್ತು ಅವಳು ನನ್ನ ಬಗ್ಗೆ ಏನಾದರೂ ಅಂದು.


ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ. ಬೆಳಿಗ್ಗೆ 9

ಮಾರಾಟ ಜೋರು. ತುಳಸಮ್ಮನ ರಸ್ತೆಯವರೆಲ್ಲ ಬಂದು ತಗೊಂಡು ಹೋದರು. ದಾರಿಯಲ್ಲಿ ಹೋಗೋರೂ ನಿಂತು ಚೀಟಿ ಓದ್ತಾರೆ. ಒಬ್ಬ ಹುಡುಗ ಪೂರ್ತಿ ಓದಿ, "ಉತ್ತರಣೆ ಅಂದ್ರೆ ಇದಾ!" ಅಂದ. ಆ ಮುಖ! ಬಂಡೆ ಮೇಲೆ ನನ್ನದೂ ಹೀಗೇ ಇದ್ದಿರಬೇಕು.

ಸಾಲಾಗಿ ಜೋಡಿಸಿದ ಕಟ್ಟುಗಳ ಫೋಟೋ ತೆಗೆದು ಆ್ಯಪ್‌ಗೆ ಹಾಕಿದೆ. ಜಂಬಕ್ಕೆ, ಅಷ್ಟೆ.


10.30

ಸುಪ್ರಜಾ ಮೇಡಂ ಬರೆದಿದ್ದಾರೆ.

"ಯಶೋಧರಾ, ಕಟ್ಟಿನಲ್ಲಿರೋ ಎಲೆ ನಿನ್ನೆಯ ಫೋಟೋದಲ್ಲಿದ್ದದ್ದಲ್ಲ. ಹಿಂಬದಿ ಹಸಿರಾಗಿದೆ. ಒಂದು ಎಲೆ ಬೇರೆ ತೆಗೆದು ಹಿಸುಕಿ ವಾಸನೆ ನೋಡು. ಪಾರ್ಥೇನಿಯಂ ಇರಬಹುದು ಅಂತ ಭಯ. ಬರೀ ಕೈಯಲ್ಲಿ ತುಂಬ ಮುಟ್ಟಬೇಡ."

ಹಿಸುಕಿದೆ. ಘಮ ಇಲ್ಲ. ಬರೀ ಕಹಿ ಹಸಿರು ವಾಸನೆ. ಇನ್ನೊಂದು ಕಟ್ಟು ಬಿಚ್ಚಿದೆ. ಅದೂ ಹಾಗೇ. ಮತ್ತೊಂದು...

ಪಾರ್ಥೇನಿಯಂ. ಕಾಂಗ್ರೆಸ್ ಗಿಡ. ಖಾಲಿ ಸೈಟುಗಳಲ್ಲಿ ತುಂಬಿಕೊಂಡು ಕೆಮ್ಮು, ಕಡಿತ ತರೋ ಅದೇ. ಹೂ ಇದ್ದಿದ್ದರೆ ಚಿಕ್ಕ ಮಕ್ಕಳೂ ಗುರುತು ಹಿಡೀತಿದ್ದರು. ಹೂ ಬಿಡದ ಎಳೇ ಎಲೆ, ನೀರು ಚಿಮುಕಿಸಿ ಒತ್ತಿ ತುಂಬಿದ್ದು. ಮಂಡಿಯವನು ಮೂಟೆ ಬಾಯಿಗೆ ಮಾತ್ರ ಒಳ್ಳೇದು ಇಟ್ಟಿದ್ದಾನೆ, ಕೆಳಗೆಲ್ಲ ಇದು. ಮೇಲಿನ ಘಮ ಇಡೀ ಮೂಟೆಗೆ ಹತ್ತಿತ್ತು.

ಆ್ಯಪ್ ತಪ್ಪು ಹೇಳಲಿಲ್ಲ. ತೋರಿಸಿದ್ದಕ್ಕೆ ಸರಿಯಾಗೇ ಹೇಳ್ತು. ಒಂದು ಕಟ್ಟು ತೋರಿಸಿ ಮೂಟೆಗೆಲ್ಲ ಹೆಸರು ಬರೆದೋಳು ನಾನು.

ಅಜ್ಜಿಯ ಮುಂಗೈ ಆಗಲೇ ಕೆಂಪಗಿದೆ. ಸೊಳ್ಳೆ ಕಚ್ಚಿದೆ ಅಂದುಕೊಂಡು ಕೆರೀತಾ ಇತ್ತು ಪಾಪ.


ಅದೇ ದಿನ, ಸಂಜೆ 5

ಎಲ್ಲ ಬರೀತೀನಿ. ಬಿಡದೆ.

ಅಜ್ಜಿಗೆ ಮೆಲ್ಲಗೆ ಹೇಳಿದೆ. ಅಜ್ಜಿ ಸುತ್ತ ನೋಡಿ, "ಬಾಯಿ ಮುಚ್ಚು" ಅಂತು. "ಉಳಿದಿದ್ದರಲ್ಲಿ ಕಿತ್ತು ಬಿಸಾಕಿ ಮಾರೋಣ. ಹೋಗಿದ್ದು ಹೋಯ್ತು. ನಾಳೆ ನೀರಿಗೆ ಬಿಡೋ ಎಲೆ."

"ತಗೊಂಡೋರು ಕೈಯಲ್ಲಿ ಮುಟ್ತಾರೆ ಅಜ್ಜಿ. ಮಕ್ಕಳೂ ಮುಟ್ತವೆ."

"ಹೇಳ್ತೀಯಾ? ಹೇಳು. ನರಸಮ್ಮ ಕಳೆಗಿಡ ಮಾರಿದ್ಲು ಅಂತ ಬೀದಿಯೆಲ್ಲ ಅನ್ನಲಿ. ನಾಳೆಯಿಂದ ಈ ಜಾಗದಲ್ಲಿ ನನ್ನ ಹತ್ರ ಯಾರು ನಿಲ್ತಾರೆ?"

ಚೀಟಿ ಇಲ್ಲದಿದ್ದರೆ ಸುಮ್ಮನಿರ್ತಿದ್ದೆನಾ? ಇದ್ದರೂ ಇರ್ತಿದ್ದೆನೇನೋ. ಆದರೆ ಪ್ರತಿ ಕಟ್ಟಿನಲ್ಲೂ ನನ್ನ ಅಕ್ಷರ ಇದೆ. ಅಮ್ಮ ಚೆನ್ನಾಗಿದೆ ಅಂದ ಅಕ್ಷರ, ಮಾಚಿಪತ್ರೆ ಅಂತ ಹೇಳ್ತಾ ಕೂತಿದೆ.

ಹೊರಟೆ. ಅಜ್ಜಿ ಹಿಂದಿನಿಂದ, "ಹೋಗು, ಇದನ್ನೂ ಅರ್ಧಕ್ಕೆ ಬಿಟ್ಟು ಓಡು" ಅಂತ ಕೂಗ್ತು. ತಿರುಗಿ ನೋಡಲಿಲ್ಲ.

ತುಳಸಮ್ಮನ ರಸ್ತೆ. ಮನೆಮನೆಗೂ ಬೆಲ್ಲು. ಮೊದಲ ಮನೆ ಆಂಟಿ, "ಮಡೀಲಿದೀನಿ, ಅಲ್ಲೇ ನಿಂತು ಹೇಳು" ಅಂದರು. ಗೇಟಿನಾಚೆ ನಿಂತು ಹೇಳಿದೆ. ಇಕ್ಕಳ ತಂದು ಅದೊಂದನ್ನ ಎತ್ತಿ ಹಾಕಿದರು. ಎದುರು ಮನೆ ಅಂಕಲ್ ಪೇಪರ್ ಮಡಿಸಿ, "ಹೆಸರು ಬರೆದು ಟೋಪಿ ಹಾಕೋದು, ಇದು ಹೊಸ ಟೆಕ್ನಿಕ್ಕಾ?" ಅಂದರು. ಅಲ್ಲ ಸಾರ್, ನೋಡದೆ ಬರೆದೆ ಅಂದೆ. "ಆ್ಯಪ್ ನಂಬ್ಕೊಂಡ್ರೆ ಇದೇ ಗತಿ." ಆ್ಯಪ್‌ನಲ್ಲಿರೋರೇ ಹಿಡಿದುಕೊಟ್ಟಿದ್ದು ಸಾರ್, ಇಲ್ಲದಿದ್ರೆ ನಾಳೆ ನಿಮ್ಮ ಕೈಗೇ ಕಡಿತ ಬರ್ತಿತ್ತು ಅಂದೆ. ಬಾಗಿಲು ಹಾಕಿಕೊಂಡರು.

ಕೊನೆಗೆ ತುಳಸಮ್ಮ. ಹೇಗೋ ಹೇಳಿದೆ. ಅವರು ಕಟ್ಟು ಬಿಚ್ಚಿ, ಎಲೆ ತಿರುಗಿಸಿ ನೋಡಿದರು.

"ನಾನೂ ನೋಡಲಿಲ್ಲ ನೋಡು. ಹೆಸರಿದೆ ಅಂತ ಹಾಗೇ ಇಟ್ಟುಬಿಟ್ಟೆ. ಸರಿ. ಮಾಚೀಪತ್ರಂ ಅಂದಾಗ ಅಕ್ಷತೆ ಹಾಕ್ತೀನಿ."

"ಹಾಗೆ ಹಾಕಬಹುದಾ ಅಮ್ಮ?"

"ಇಲ್ಲದ್ದಕ್ಕೆ ಅಕ್ಷತೆ ಹಾಕೋದು ಮೊದಲಿನಿಂದಲೂ ಇದ್ದದ್ದೇ ಕಣೇ. ನಾವು ಹಾಕಲಿಲ್ಲ ಅಷ್ಟೆ. ಇಲ್ಲ ಅಂತ ಒಪ್ಪಿಕೊಳ್ಳೋಕೆ ಬೇಜಾರು, ಸಿಕ್ಕಿದ ಸೊಪ್ಪು ತುಂಬಿಸ್ತಾ ಬಂದ್ವಿ."

ಒಳಗಿಂದ ಧೃತಿ, "ಟೋಟಲ್ ಮೂರು ಕಡೆ ಅಕ್ಷತೆ! ಡಿಸ್ಟಿಂಕ್ಷನ್ ಹೋಯ್ತು, ಫಸ್ಟ್ ಕ್ಲಾಸು ಅಕ್ಕ!" ಅಂತ ಕೂಗಿದಳು. ತುಳಸಮ್ಮ ಸೋಪು ಕೊಟ್ಟು ಮೊಣಕೈವರೆಗೂ ತೊಳೆಸಿ, ಒಬ್ಬಟ್ಟು ತಿನ್ನಿಸಿ ಕಳಿಸಿದರು.

ವಾಪಸ್ಸು ಬಂದಾಗ ಅಜ್ಜಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಿತ್ತು. ಮುತ್ತು ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಉಳಿದ ಕಟ್ಟುಗಳಿಂದ ಆ ಎಲೆ ಕೀಳ್ತಿದ್ದ. ರಟ್ಟಿನ ಮೇಲೆ ಬರೆದೆ: 'ಬೆಳಿಗ್ಗೆ ಪತ್ರೆ ಕೊಂಡವರು ಮಾಚಿಪತ್ರೆ ಎಂಬ ಚೀಟಿಯ ಎಲೆಯನ್ನು ತೆಗೆದುಹಾಕಿ, ಕೈ ತೊಳೆಯಿರಿ. ಅದು ಪಾರ್ಥೇನಿಯಂ. ತಪ್ಪು ನಮ್ಮದು.' ಎದುರಿಗೇ ನಿಲ್ಲಿಸಿದೆ.

ಅಜ್ಜಿಗೆ ಓದೋಕೆ ಬರಲ್ಲ. "ಏನಂತ ಐತೆ?" ಓದಿ ಹೇಳಿದೆ.

"ನಮ್ಮದು ಅಂತ ಯಾಕೆ? ಮಂಡಿಯೋನದು."

"ಹೆಸರು ಕಟ್ಟಿದ್ದು ನಾನು ಅಜ್ಜಿ."

ಅಜ್ಜಿ ರಟ್ಟನ್ನ ತೆಗೀಲಿಲ್ಲ.

ದಾರಿಯಲ್ಲಿ ಹೋಗ್ತಾ ಕೊಂಡೋರು ಯಾರು, ಎಲ್ಲಿಯವರು, ಗೊತ್ತಿಲ್ಲ. ಆ ಹುಡುಗನೂ ಒಂದು ಒಯ್ದಿದ್ದ. ಅವನಿಗೆ ಹೇಗೆ ಹೇಳಲಿ?


ಆಗಸ್ಟ್ 27, ಬುಧವಾರ. ಗಣೇಶನ ಹಬ್ಬ. ಬೆಳಿಗ್ಗೆ 7

ಫೋನಿನಲ್ಲೇ ಬರೀತಿದ್ದೀನಿ, ಗಿರಾಕಿ ಇಲ್ಲ. ಎಲ್ಲ ಪಕ್ಕದ ಅಂಗಡಿಗೆ. ಅಲ್ಲಿ ಲಕ್ಷ್ಮೀಶ ಅಂತ ಒಬ್ಬ, ಹಬ್ಬಕ್ಕೆ ಮಾತ್ರ ಬರೋನು, ಗಂಟಲು ಹರಿಯೋ ಹಾಗೆ "ಇಪ್ಪತ್ತೊಂದೂ, ಇಪ್ಪತ್ತೊಂದೂ" ಅಂತಿದ್ದಾನೆ. ನಮ್ಮ ರಟ್ಟು ಓದಿ ಜನ ಒಂದು ಹೆಜ್ಜೆ ಹಿಂದೆ ಹೋಗ್ತಾರೆ. ಅಜ್ಜಿ ನೋಡ್ತಾ ಕೂತಿದೆ. ಕೈ ಊದಿದೆ. ನನ್ನ ಕಡೆ ನೋಡ್ತಿಲ್ಲ. ಹೇಳಿದ್ದು ಸರಿ ಅಂತ ಈಗಲೂ ಅನ್ನಿಸುತ್ತೆ. ಆದರೆ ಅಜ್ಜಿ ಮುಖ ನೋಡೋಕಾಗ್ತಿಲ್ಲ.


7.40

ಈಗ ಒಬ್ಬರು ಸ್ಕೂಟರ್ ನಿಲ್ಲಿಸಿದರು. ಹೆಲ್ಮೆಟ್ಟು, ಪಂಚೆ, ಅವಸರ. "ಇಪ್ಪತ್ತೊಂದಿದೆಯೇನಮ್ಮ?"

ನಾನು ಬಾಯಿ ತೆರೆಯೋದರೊಳಗೆ ಅಜ್ಜಿ — "ಹದಿನೆಂಟೈತೆ ಸ್ವಾಮಿ."

"ಪಕ್ಕದಲ್ಲಿ ಇಪ್ಪತ್ತೊಂದು ಅಂತಾರಲ್ಲ."

"ತಗೊಳ್ಳಿ. ಅದಕ್ಕೆ ಮುಂಚೆ ಹೆಸರು ಕೇಳಿ. ಒಂದೊಂದಾಗಿ."

ಅವರು ನಿಜವಾಗಲೂ ಹೋಗಿ ಕೇಳಿದರು! ಲಕ್ಷ್ಮೀಶ ತುಳಸಿ ಅಂದ, ಬಿಲ್ವ ಅಂದ, ಎಕ್ಕ ಅಂದ. ಆಮೇಲೆ, "ಇದು ಪತ್ರೆ ಸಾರ್. ಇದೂ ಪತ್ರೆ." ಅಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ, ಪಾಪ.

ಸ್ಕೂಟರಿನವರು ವಾಪಸ್ಸು ಬಂದು, ಹೆಲ್ಮೆಟ್ ತೆಗೆದು, ಕುಕ್ಕರುಗಾಲಲ್ಲಿ ಕೂತರು. "ಈಗ ನೀವು ಹೇಳಿ."

ಅಜ್ಜಿ ಊದಿದ ಕೈಯಲ್ಲೇ ಮೊದಲ ಎಲೆ ಎತ್ತಿತು. ಚೀಟಿ ನೋಡಿ ಅಲ್ಲ, ಅದಕ್ಕೆ ಓದೋಕೆಲ್ಲಿ ಬರುತ್ತೆ. "ಇದು ಬೃಹತಿ. ಗುಳ್ಳ ಅಂತೀವಿ. ಎಲೆ ಮೇಲೂ ಮುಳ್ಳೈತೆ, ಹುಷಾರು." ಯಾವಾಗ ಕಲಿತು ಇದನ್ನ? ನಾನು ಹೇಳಿಕೊಟ್ಟಿಲ್ಲ. ಮೊನ್ನೆ ಚೀಟಿ ಬರೀತಾ ಬಾಯಲ್ಲಿ ಹೇಳಿಕೊಳ್ತಿದ್ದೆನಲ್ಲ... ಪಕ್ಕದಲ್ಲೇ ಕೂತಿತ್ತು.

ಎರಡು ಸರಿ. ಮೂರು ಸರಿ. ಇನ್ನಿಬ್ಬರು ಬಂದು ನಿಂತರು, ಒಬ್ಬರ ಕಂಕುಳಲ್ಲಿ ಮಗು. ಅಜ್ಜಿ ಒಂದೊಂದು ಎಲೆಯನ್ನೂ ಮೊದಲು ಹಿಸುಕಿ ಮೂಸಿ ನೋಡಿ, ಆಮೇಲೆ ಅವರ ಮೂಗಿಗೆ ಹಿಡೀತಿದೆ.

ಈಗ ಒಂದು ಎಲೆ ಹಿಡಿದು ನಿಂತುಬಿಟ್ಟಿದೆ. ಹೆಸರು ಬರ್ತಿಲ್ಲ. ಲಕ್ಷ್ಮೀಶ ಅಲ್ಲಿಂದ, "ಏನಾದ್ರೂ ಒಂದು ಹೇಳ್ಬಿಡಜ್ಜಿ!" ಅಂತಿದ್ದಾನೆ. ಅಜ್ಜಿ ತಲೆ ಅಲ್ಲಾಡಿಸ್ತು. ನನ್ನ ಕಡೆ ತಿರುಗ್ತಿದೆ. ನಿನ್ನೆಯಿಂದ ಮೊದಲ ಸಲ —

"ಯಶೂ, ಫೋನು ಕೆಳಗಿಟ್ಟು ಬಾರಮ್ಮಿ, ಇದು ಯಾವ ಎಲೆ ಹೇಳು?"